ಒಂದು ಲೋಟ ಹಸಿರು ರಸ

ಎಂಟು ವರ್ಷ ಸೊಸೆಯನ್ನು ಡಾಕ್ಟರಿಂದ ಡಾಕ್ಟರಿಗೆ ಅಲೆಸಿದ್ದಾಯಿತು. ಕೊನೆಗೆ ಸಿಕ್ಕ ಡಾಕ್ಟರಮ್ಮ ಮಾತ್ರ ಫೈಲನ್ನು ಹಿಂದಕ್ಕೂ ಮುಂದಕ್ಕೂ ತಿರುವಿ, "ಇದರಲ್ಲಿ ಗಂಡನ ರಿಪೋರ್ಟ್ ಎಲ್ಲಿ?" ಎಂದು ಕೇಳಿದರು. ಇಟ್ಟಿಗೆಯಷ್ಟು ದಪ್ಪದ ಫೈಲು ಅದು. ಗಂಡನದು ಎಂದು ಒಂದು ಚೀಟಿಯೂ ಅದರಲ್ಲಿರಲಿಲ್ಲ.

ಸೊಸೆ ಉತ್ತರ ಕೊಡುವ ಮೊದಲೇ ಅತ್ತೆ ಬಾಯಿ ಹಾಕಿದಳು. "ನನ್ನ ಮಗನಿಗೇನು ಡಾಕ್ಟ್ರೇ, ಗುಂಡುಕಲ್ಲಿನ ಹಾಗಿದ್ದಾನೆ. ಲಾರಿ ಬ್ಯಾಟರೀನ ಒಬ್ಬನೇ ಎತ್ತಿ ಇಡ್ತಾನೆ."

"ಬ್ಯಾಟರಿ ಎತ್ತೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಮ್ಮ," ಎಂದರು ಡಾಕ್ಟರಮ್ಮ. ಆಮೇಲೆ ಏನೋ ಹೊಳೆದವರಂತೆ ತಲೆಯೆತ್ತಿದರು. "ಬ್ಯಾಟರಿ ಅಂದ್ರಾ? ಏನು ಕೆಲಸ ಮಾಡ್ತಾರೆ?"

ಮಗ ಬ್ಯಾಟರಿ ಮಿಸ್ತ್ರಿ. ಮೊದಲೆಲ್ಲ ಅವನು ದುಡಿಯುವ ಅಂಗಡಿಯಲ್ಲಿ ಬ್ಯಾಟರಿ ಚಾರ್ಜು ಮಾಡುವುದು, ನೀರು ತುಂಬುವುದು, ಇಷ್ಟೇ ಕೆಲಸವಿತ್ತು. ಹತ್ತು ವರ್ಷದಿಂದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸದ ಪ್ಲೇಟು ಕಿತ್ತು, ಕರಗಿಸಿ ಅಚ್ಚಿಗೆ ಹೊಯ್ದು ಗಟ್ಟಿ ಮಾಡುತ್ತಿದ್ದರು. ಕುಲುಮೆ ಮಗನ ಕೈಯಲ್ಲೇ ಇತ್ತು. ಸಂಜೆ ಮನೆಗೆ ಬಂದಾಗ ಅವನ ಹುಬ್ಬಿನ ಮೇಲೂ ಬೂದು ಹುಡಿ ಕೂತಿರುತ್ತಿತ್ತು. ಅದನ್ನು ಕಂಡು, ದುಡಿಯುವ ಗಂಡಸು ಎಂದು ತಾಯಿ ಹೆಮ್ಮೆಪಡುತ್ತಿದ್ದಳು.

ಈ ತಾಯಿಗೆ ಬೀದಿಯವರು ಸೊಪ್ಪಮ್ಮ ಎಂದು ಹೆಸರಿಟ್ಟಿದ್ದರು. ಗೌರವಕ್ಕೋ ಗೇಲಿಗೋ ಅವರವರಿಗೇ ಗೊತ್ತು, ಅವಳಂತೂ ಗೌರವಕ್ಕೇ ಎಂದುಕೊಂಡಿದ್ದಳು. ಮೂರು ಮಹಡಿಯ ಕಟ್ಟಡದ ಮೇಲಿನ ತಾರಸಿಯಲ್ಲಿ ಸಾಲಾಗಿ ಡಬ್ಬಗಳನ್ನಿಟ್ಟು ಪಾಲಕ್, ಕೊತ್ತಂಬರಿ, ಪುದೀನ, ಮೆಂತ್ಯ ಬೆಳೆಯುತ್ತಿದ್ದಳು. ಮೂವತ್ತು ವರ್ಷ ಬಸ್ಸಿನಲ್ಲಿ ಸೀಟಿ ಊದಿ ನಿವೃತ್ತರಾದ ಅವಳ ಗಂಡ ಕಂಡಕ್ಟರಿಗೆ ಸೊಪ್ಪೆಂದರೆ ಆಗದು. "ದನಕ್ಕೆ ಹಾಕೋದನ್ನ ನಂಗೆ ಹಾಕ್ಬೇಡ," ಎಂದು ತಟ್ಟೆಯ ಅಂಚಿಗೆ ಸರಿಸುವುದು, ಅವಳು ಬೈಯುವುದು, ಅದು ದಿನಾ ಇದ್ದದ್ದೇ.

ಮಗನನ್ನು ಒಪ್ಪಿಸಿ ಕರೆದೊಯ್ಯಲು ಎರಡು ವಾರ ಹಿಡಿಯಿತು. ರಿಪೋರ್ಟು ಬಂದಾಗ ಡಾಕ್ಟರಮ್ಮ ಅದನ್ನು ಬಿಡಿಸಿ ಹೇಳಿದರು. ವೀರ್ಯಾಣುಗಳು ಇರಬೇಕಾದದ್ದಕ್ಕಿಂತ ತುಂಬಾ ಕಮ್ಮಿ, ಇರುವುದರಲ್ಲೂ ಮುಕ್ಕಾಲು ಪಾಲಿಗೆ ಚಲನೆಯಿಲ್ಲ. ರಕ್ತದಲ್ಲಿ ಸೀಸ ಐದಕ್ಕಿಂತ ಕೆಳಗಿರಬೇಕಾದದ್ದು ನಲವತ್ತಾರು.

"ಬಸ್ಸಲ್ಲಿ ಜನಾನೂ ಕಮ್ಮಿ, ಇರೋರಿಗೆ ಇಳಿದು ನಡೆಯೋಕೂ ಆಗ್ತಿಲ್ಲ ಅಂತಾಯ್ತು," ಎಂದರು ಜೊತೆಗೆ ಬಂದಿದ್ದ ಕಂಡಕ್ಟರು. ಯಾರೂ ನಗಲಿಲ್ಲ. ಅವರಿಗೂ ನಗು ಬಂದಿರಲಿಲ್ಲ, ಪಾಪ, ಬಾಯಿ ಸುಮ್ಮನಿರಲಿಲ್ಲ ಅಷ್ಟೆ.

"ಮೊದಲು ಆ ಕುಲುಮೆ ಬಿಡ್ಬೇಕು," ಎಂದರು ಡಾಕ್ಟರಮ್ಮ. "ಸೀಸ ಒಳಗೆ ಸೇರಿದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋ ಹಾಗೆ ಜೀವಕೋಶಾನ ಹಾಳು ಮಾಡುತ್ತೆ. ಸೊಪ್ಪು, ಹಣ್ಣು, ತರಕಾರೀಲಿ ಆ ತುಕ್ಕನ್ನ ತಡೆಯೋ ಅಂಶ ಇದೆ. ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಒಳ್ಳೇ ಫಲ ಕಂಡಿದೆಯಂತೆ. ಮನುಷ್ಯರಲ್ಲಿ ಅಷ್ಟು ಖಚಿತ ಇಲ್ಲ, ತಿಂದ್ರೆ ನಷ್ಟವಂತೂ ಇಲ್ಲ. ಆದ್ರೆ ನೆನಪಿಡಿ, ಸೀಸ ಒಳಗೆ ಹೋಗೋದು ನಿಲ್ಲದೆ ಸೊಪ್ಪು ತಿಂದ್ರೆ, ದೋಣಿಯ ತೂತು ಮುಚ್ಚದೆ ನೀರು ಮೊಗೆದ ಹಾಗೆ. ಹತ್ತು ವಾರ ಬಿಟ್ಟು ಮತ್ತೆ ನೋಡೋಣ."

"ಇಲಿಗಳಿಗೆ ಮಕ್ಕಳಾಗೋಕೆ ಔಷಧಿ ಬೇರೆ ಬೇಕಾ!" ಎಂದರು ಕಂಡಕ್ಟರು.

ಸೊಪ್ಪಮ್ಮನ ಕಿವಿಗೆ ದೋಣಿ ಬೀಳಲಿಲ್ಲ, ತೂತು ಬೀಳಲಿಲ್ಲ. ಬಿದ್ದದ್ದು ಸೊಪ್ಪು ಎಂಬ ಒಂದೇ ಮಾತು. ಮಗನ ಕಾಯಿಲೆಗೆ ಮದ್ದು ತನ್ನ ತಾರಸಿಯ ಮೇಲೇ ಇದೆ ಎಂದರೆ ಯಾವ ತಾಯಿ ತಾನೇ ಬೇರೆ ಮಾತು ಕೇಳಿಸಿಕೊಂಡಾಳು!

ಮನೆಗೆ ಬಂದ ಮೇಲೆ ಅವಳು ಸೊಸೆಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನೋಡಮ್ಮ, ಈ ವಿಷಯ ಮನೆ ಹೊಸಿಲು ದಾಟಬಾರದು. ಅವನು ನಾಲ್ಕು ಗಂಡಸರ ಮಧ್ಯೆ ಕೆಲಸ ಮಾಡೋನು. ಗೊತ್ತಾದ್ರೆ ಆಡ್ಕೊಂಡು ನಗ್ತಾರೆ. ತಲೆ ಎತ್ತಿ ಓಡಾಡೋಕಾಗಲ್ಲ."

"ನಾನೆಲ್ಲಿ ಡಂಗುರ ಹೊಡೆಯೋಕೆ ಹೋಗಿದ್ದೀನಿ ಅತ್ತೆ," ಎಂದಳು ಸೊಸೆ. ಅವಳಿಗೆ ಮೂವತ್ತನಾಲ್ಕು ದಾಟಿತ್ತು. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ದಿನವಿಡೀ ನಿಂತು ನಿಂತು ಅವಳ ಕಾಲು ಬಾತಿರುತ್ತಿತ್ತು. "ಆದ್ರೆ ನಿಮ್ಮಕ್ಕ ದೊಡ್ಡಮ್ಮ ಬಂದು ನನ್ನನ್ನ ಬಂಜೆ ಅಂತಾರಲ್ಲ, ಆಗೇನು ಮಾಡ್ಲಿ?"

"ಸುಮ್ನಿರು. ನಿಂಗೆ ಹೇಗೂ ಅಭ್ಯಾಸ ಆಗಿದೆಯಲ್ಲ."

ಆಡಿದ ಮೇಲೆ ಸೊಪ್ಪಮ್ಮನಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಸೊಸೆ ಮಾತ್ರ ಒಂದು ಕ್ಷಣ ಅವಳ ಮುಖ ನೋಡಿ, ತೊಳೆದಿಟ್ಟಿದ್ದ ತಟ್ಟೆಗಳನ್ನು ಒರೆಸತೊಡಗಿದಳು.

ಮಗ ಮರುದಿನ ಅಂಗಡಿಯ ಯಜಮಾನನ ಮುಂದೆ ನಿಂತು, ಕುಲುಮೆ ಬಿಟ್ಟು ಕೌಂಟರಿಗೆ ಹಾಕಿ ಎಂದು ಕೇಳಿದ. ಕಾರಣ ಹೇಳುವ ಹಾಗಿಲ್ಲ. ಹೊಗೆ ಆಗ್ತಿಲ್ಲ, ಕೆಮ್ಮು ಎಂದ.

"ಕೆಮ್ಮೇನೋ? ನಾನು ಮೂವತ್ತು ವರ್ಷದಿಂದ ಇದೇ ಅಂಗಡೀಲಿದ್ದೀನಿ, ನಂಗೇನಾಗಿದೆ? ನಾಲ್ಕು ಮಕ್ಕಳು, ಕಲ್ಲು ತಿಂದು ಕರಗಿಸ್ತೀನಿ," ಎಂದ ಯಜಮಾನ. ಅವನು ಆ ಮೂವತ್ತು ವರ್ಷ ಕೂತಿದ್ದು ರಸ್ತೆ ಕಡೆಯ ಫ್ಯಾನಿನ ಕೆಳಗೆ, ಗಲ್ಲಾದ ಮುಂದೆ. ಆದರೂ ಕೊನೆಗೆ ಒಪ್ಪಿದ. ಕುಲುಮೆಗೆ ಬೇರೆಯವನು ಬಂದ, ಮಗನ ಸಂಬಳದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಮನೆಯಲ್ಲಿ ದಿನದ ಮೊಟ್ಟೆ ವಾರಕ್ಕೆರಡಾಯಿತು. ಕಂಡಕ್ಟರು ಸಂಜೆಯ ಚಹಾವನ್ನು ಅಂಗಡಿಯಲ್ಲಿ ಕುಡಿಯುವುದು ಬಿಟ್ಟು ಮನೆಯಲ್ಲೇ ಕಾಡಿ ಮಾಡಿಸಿಕೊಳ್ಳತೊಡಗಿದರು.

ಅಂದಿನಿಂದ ಸೊಪ್ಪಮ್ಮನ ಕಾರುಬಾರು ಶುರುವಾಯಿತು ನೋಡಿ. ಬೆಳಿಗ್ಗೆ ಐದೂವರೆಗೆ ತಾರಸಿ ಹತ್ತುವಳು. ಮಂಡಿ ನೋವು ಎಂದು ಬಾಗಿಲಿಗೆ ಬಂದ ಹಾಲಿನವನನ್ನೇ ಒಳಗೆ ಕರೆಯುತ್ತಿದ್ದವಳು ಈಗ ದಿನಾ ಮೂರು ಮಹಡಿಯ ಮೆಟ್ಟಿಲು ಏರಿ, ಮಡಿಲು ತುಂಬ ಸೊಪ್ಪು ಕೊಯ್ದು ಇಳಿಯುವಳು. ತೊಳೆದು, ಹೆಚ್ಚಿ, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ನಿಂಬೆರಸ ಬಿಟ್ಟು ದೊಡ್ಡ ಸ್ಟೀಲ್ ಲೋಟ ತುಂಬಿಸಿ ಮಗನ ಮೂಗಿನ ಕೆಳಗೆ ಹಿಡಿಯುವಳು.

"ಅಮ್ಮ, ಕೆಸರು ಕುಡಿದ ಹಾಗಿದೆ."

"ಕೆಸರಲ್ಲೇ ಕಣೋ ಬೆಳೆಯೋದು. ಮೂಗು ಮುಚ್ಕೊಂಡು ಕುಡಿ. ತಳದಲ್ಲಿ ಉಳಿಸ್ಬೇಡ, ಸತ್ತ್ವ ಎಲ್ಲ ತಳದಲ್ಲೇ ಇರುತ್ತೆ."

ಮಧ್ಯಾಹ್ನ ಡಬ್ಬಿಗೆ ಸೊಪ್ಪಿನ ಪಲ್ಯ, ರಾತ್ರಿ ಬೇಳೆಗೆ ಸೊಪ್ಪು. ಸೊಸೆಗೂ ಒಂದು ಲೋಟ ತಪ್ಪಲಿಲ್ಲ. "ನಂಗೇನೂ ಇಲ್ಲ ಅಂತ ರಿಪೋರ್ಟಲ್ಲಿದೆಯಲ್ಲ ಅತ್ತೆ," ಎಂದರೆ, "ಬೀಜ ಸರಿಯಾದ್ರೆ ಸಾಲದು, ಹೊಲಾನೂ ಹದವಾಗಿರ್ಬೇಕು, ಕುಡಿ," ಎನ್ನುವಳು. ತಾನೂ ಒಂದು ಲೋಟ ಕುಡಿಯುವಳು. ಕಂಡಕ್ಟರು ಲೋಟ ಹಿಡಿದು ಬಚ್ಚಲಿಗೆ ಹೋಗಿ ಖಾಲಿ ಲೋಟ ಹಿಡಿದು ಬರುವರು. ಬಾಯಿ ಒರೆಸಿಕೊಳ್ಳುವುದನ್ನು ಮರೆಯುತ್ತಿರಲಿಲ್ಲ.

ಮೂರನೇ ವಾರಕ್ಕೆ ಮಗನಿಗೆ ಮೈಯಲ್ಲಿ ಹುರುಪು ಬಂದಂತೆ ಸೊಪ್ಪಮ್ಮನಿಗೆ ಕಂಡಿತು. ಐದನೇ ವಾರಕ್ಕೆ ಅವನ ಕೆನ್ನೆಗೆ ಬಣ್ಣ ಬಂತು ಎಂದಳು. "ಬಿಸಿಲಲ್ಲಿ ನಿಂತು ಬ್ಯಾಟರಿ ತೂಗ್ತೀನಿ, ಅದಕ್ಕೆ," ಎಂದ ಮಗ. ಅವನಿಗೆ ಹೊಟ್ಟೆ ಹಿಡಿದುಕೊಳ್ಳುವುದು, ಬಾಯಿ ಒಗರಾಗುವುದು, ಸಣ್ಣದಕ್ಕೂ ಸಿಡುಕುವುದು ಕಮ್ಮಿಯಾಗಿರಲಿಲ್ಲ. ಸೊಸೆ ಅದನ್ನು ಗಮನಿಸಿ ಹೇಳಿದಳು ಕೂಡ. "ಔಷಧಿ ಕೆಲಸ ಮಾಡುವಾಗ ಹಾಗೇನೇ, ಒಳಗಿನ ಕೊಳೆ ಕದಡುತ್ತೆ," ಎಂದು ಅತ್ತೆ ಬಾಯಿ ಮುಚ್ಚಿಸಿದಳು.

ಆರನೇ ವಾರ ಸೊಪ್ಪಮ್ಮನ ಅಕ್ಕ ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ, "ಏನಾದ್ರೂ ವಿಶೇಷ ಇದೆಯಾ?" ಎಂದು ಸೊಸೆಯ ಹೊಟ್ಟೆಯ ಕಡೆ ನೋಡಿದಳು. ಸೊಸೆ ನೀರು ತಂದಿಟ್ಟು ಒಳಗೆ ಹೋದ ಮೇಲೆ ದನಿ ತಗ್ಗಿಸಿದಳು. ಎಷ್ಟು ತಗ್ಗಿಸಿದರೂ ಎರಡು ಕೋಣೆಯ ಮನೆಯಲ್ಲಿ ಕೇಳಿಸದೇ ಇರುತ್ತದೆಯೇ.

"ಇನ್ನೆಷ್ಟು ವರ್ಷ ಕಾಯ್ತೀಯೇ? ನನ್ನ ಓರಗಿತ್ತಿ ಕಡೆ ಒಂದು ಹುಡುಗಿ ಇದ್ದಾಳೆ. ಗಂಡ ಬಿಟ್ಟಿದ್ದಾನೆ, ಅವಳದೇನೂ ತಪ್ಪಿಲ್ಲ. ವಯಸ್ಸು ಇಪ್ಪತ್ತೇಳು. ನಿನ್ನ ಸೊಸೆಗೆ ಏನೋ ಒಂದಷ್ಟು ಕೊಟ್ಟು ಬಿಡಿಸ್ಕೊಳ್ಳಿ."

ಸೊಪ್ಪಮ್ಮ ಹೌದು ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲ ಎಂದೂ ಅನ್ನಲಿಲ್ಲ. "ನೋಡೋಣ ಅಕ್ಕ, ಇನ್ನೊಂದು ನಾಲ್ಕು ವಾರ ಹೋಗ್ಲಿ," ಎಂದಳು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಸೊಸೆ ಅದರ ಎದುರೇ ನಿಂತಿದ್ದಳು.

ಅಂದು ಊಟಕ್ಕೆ ಕೂತಾಗ ಅವಳು ಗಂಡನಿಗೆ ಎಲ್ಲರ ಮುಂದೆಯೇ ಹೇಳಿದಳು. "ಈ ಸಲದ ಟೆಸ್ಟ್ ನೋಡ್ತೀನಿ. ಅದರ ಮೇಲೆ ನನ್ನ ದಾರಿ ನಂದು. ನಾಲ್ಕು ವಾರ ಅಂತ ಅತ್ತೆ ಗಡುವು ಕೊಟ್ಟಿದ್ದಾರೆ, ನಾನೂ ಅದನ್ನೇ ಇಟ್ಕೋತೀನಿ."

"ಅದು ಹಾಗಲ್ಲಮ್ಮ, ನಾನು ಅಂದಿದ್ದು..." ಎಂದು ಸೊಪ್ಪಮ್ಮ ಶುರುಮಾಡಿದಳು. ಮಗ ತಟ್ಟೆ ನೋಡಿಕೊಂಡು ಊಟ ಮುಗಿಸಿದ. ಮಾರನೆಯ ದಿನದಿಂದ ಸೊಪ್ಪಮ್ಮ ಲೋಟಕ್ಕೆ ಇನ್ನೊಂದು ಹಿಡಿ ಸೊಪ್ಪು ಜಾಸ್ತಿ ಹಾಕಿದಳು.

ಹತ್ತು ವಾರ ಕಳೆಯಿತು. ಸೀಸ ಐವತ್ತೊಂದು ಎಂದು ಬಂತು. ವೀರ್ಯಾಣುಗಳ ಸಂಖ್ಯೆ ಮೊದಲಿಗಿಂತಲೂ ಇಳಿದಿತ್ತು.

ಆ ದಿನ ಮನೆಯಲ್ಲಿ ನಡೆದ ಜಗಳ ಮೇಲಿನ ಮಹಡಿಯವರಿಗೂ ಕೇಳಿಸಿತು.

"ಕದ್ದು ಕುಲುಮೆಗೆ ಹೋಗ್ತಿದ್ದೀಯ ನೀನು! ಸಂಬಳದ ಆಸೆಗೆ ಹೋಗ್ತಿದ್ದೀಯ," ಎಂದು ತಾಯಿ ಕೂಗಿದಳು. "ನಾನಿಲ್ಲಿ ಮಂಡಿ ಸವೆಸ್ಕೊಂಡು ದಿನಾ ರಸ ಹಿಂಡೋದು, ನೀನಲ್ಲಿ ಹೋಗಿ ವಿಷ ತುಂಬ್ಕೊಂಡು ಬರೋದು!"

"ಇಲ್ಲ ಅಂದ್ನಲ್ಲ ಅಮ್ಮ. ಶೆಡ್ಡಿನ ಬಾಗಿಲ ಹತ್ರಕ್ಕೂ ಹೋಗಿಲ್ಲ."

"ಹಾಗಾದ್ರೆ ಎಲ್ಲಿಂದ ಬಂತೋ? ಆಕಾಶದಿಂದ ಉದುರ್ತಾ?"

"ನಂಗೇನು ಗೊತ್ತು! ನೀನು ಹೇಳಿದ್ದೆಲ್ಲ ಕುಡಿದೆ, ತಿಂದೆ. ದನದ ಹಾಗೆ ತಿಂದೆ. ಇನ್ನೇನು ಮಾಡ್ಲಿ?" ಮಗ ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ. ನೀನು ನಂಬಲ್ವಾ?"

ಅವಳು ಉತ್ತರ ಕೊಡಲು ಕೊಂಚ ತಡಮಾಡಿದಳು. ಅಷ್ಟು ಸಾಕಾಯಿತು ಅವನಿಗೆ. ಬಾಗಿಲು ದಡಾರನೆ ಎಳೆದುಕೊಂಡು ಹೋದ. ನಾಲ್ಕು ದಿನ ಮನೆಯಲ್ಲಿ ಒಂದು ತುತ್ತು ಮುಟ್ಟಲಿಲ್ಲ. ಕೆಲಸ ಮುಗಿಸಿ ಹೊರಗೆಲ್ಲೋ ತಿಂದು, ಬಂದು, ಗೋಡೆಗೆ ಮುಖಮಾಡಿ ಮಲಗುತ್ತಿದ್ದ. ಸೊಪ್ಪಮ್ಮ ತುಂಬಿದ ಲೋಟವನ್ನು ಬೆಳಿಗ್ಗೆ ಮೇಜಿನ ಮೇಲಿಡುವಳು, ಸಂಜೆ ಅದನ್ನೇ ಬಚ್ಚಲಿಗೆ ಸುರಿಯುವಳು.

ಐದನೇ ದಿನ ಸೊಸೆ ಅರ್ಧ ದಿನ ರಜೆ ಹಾಕಿ ಬ್ಯಾಟರಿ ಅಂಗಡಿಗೇ ಹೋದಳು. ಹೊರಗೆ ಕೂರಲು ಕೊಟ್ಟದ್ದು ಮಗುಚಿದ ಬ್ಯಾಟರಿ ಡಬ್ಬ. ಬೆಕ್ಕಿಗೆ ನೀರಿಟ್ಟದ್ದು ಬ್ಯಾಟರಿ ಡಬ್ಬದಲ್ಲಿ, ಬಾಗಿಲಿಗೆ ಮೆಟ್ಟಿಲಾಗಿ ಹಾಕಿದ್ದೂ ಅದೇ. ಒಳಗಿನ ಸೀಸ ಕಿತ್ತ ಮೇಲೆ ಉಳಿಯುವ ಆ ಗಟ್ಟಿ ಪ್ಲಾಸ್ಟಿಕ್ ಡಬ್ಬಗಳು ಅಲ್ಲಿ ದುಡಿಯುವ ಎಲ್ಲರ ಮನೆಯಲ್ಲೂ ಇದ್ದವು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಯಜಮಾನ ಮತ್ತು ಕುಲುಮೆಯ ಹೊಸಬ ಇಬ್ಬರೂ ಒಂದೇ ಮಾತು ಹೇಳಿದರು: ಮಿಸ್ತ್ರಿ ಈ ಹತ್ತು ವಾರ ಕೌಂಟರ್ ಬಿಟ್ಟು ಅಲ್ಲಾಡಿಲ್ಲ.

ಮನೆಗೆ ಬಂದು ಅವಳು ಗಂಡನ ಎದುರು ಕೂತಳು. "ತಪ್ಪಾಯ್ತು. ಹೋಗಿ ಕೇಳ್ಕೊಂಡು ಬಂದೆ. ನೀವು ಸುಳ್ಳು ಹೇಳಿಲ್ಲ."

"ಕೇಳೋಕೆ ಹೋಗ್ಬೇಕಾಯ್ತಾ ನಿಂಗೆ?" ಎಂದ ಅವನು. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. ಆಮೇಲೆ ಬಂದು ಊಟಕ್ಕೆ ಕೂತ.

ಡಾಕ್ಟರಮ್ಮನಿಗೂ ಅರ್ಥವಾಗಲಿಲ್ಲ. ಮನೆಯ ನಾಲ್ವರ ರಕ್ತವನ್ನೂ ತೆಗೆಸಿದರು. ಒಂದು ವಾರದ ಮೇಲೆ ನಾಲ್ವರನ್ನೂ ಎದುರಿಗೆ ಕೂರಿಸಿಕೊಂಡರು. ಜೆರಾಕ್ಸ್ ಅಂಗಡಿಯ ಸೊಸೆಗೆ ಹತ್ತೊಂಬತ್ತು. ಮನೆ ಬಿಟ್ಟು ಹೊರಗೆ ಹೋಗದ ಸೊಪ್ಪಮ್ಮನಿಗೆ ಇಪ್ಪತ್ತಮೂರು. ಕಂಡಕ್ಟರಿಗೆ ಆರು.

"ನಂದು ಪಾಸಾ?" ಎಂದರು ಕಂಡಕ್ಟರು.

"ನೀವು ಮನೇಲಿ ಏನು ತಿನ್ನಲ್ಲ?" ಎಂದು ಡಾಕ್ಟರಮ್ಮ ಅವರನ್ನೇ ಕೇಳಿದರು.

ಕಂಡಕ್ಟರು ಹೆಂಡತಿಯ ಮುಖ ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಇಂಥ ಸಂಕಟದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. "ಸೊಪ್ಪು," ಎಂದರು ಮೆಲ್ಲಗೆ. "ರಸಾನೂ ಚೆಲ್ತಿದ್ದೆ. ಬಚ್ಚಲಿಗೆ."

"ಎಲ್ಲಿಂದ ತರ್ತೀರಿ ಸೊಪ್ಪು?"

"ತರೋದೇನು, ನಾನೇ ಬೆಳೀತೀನಿ ತಾರಸೀಲಿ," ಎಂದಳು ಸೊಪ್ಪಮ್ಮ. ಆಗಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಒಂದು ತೊಟ್ಟು ಔಷಧಿ ಹೊಡೆದಿಲ್ಲ. ಮಣ್ಣು, ಗೊಬ್ಬರ, ನೀರು ಅಷ್ಟೆ. ಡಬ್ಬ ಮಗನೇ ತಂದುಕೊಟ್ಟಿದ್ದು."

"ಯಾವ ಡಬ್ಬ?"

"ಬ್ಯಾಟರೀದು. ಚೆನ್ನಾಗಿ ಮೂರ್ಮೂರು ಸಲ ತೊಳೆದೇ ಮಣ್ಣು ತುಂಬಿದ್ದೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಮಗ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಹತ್ತು ವರ್ಷ ಆ ಡಬ್ಬಗಳನ್ನು ಬಿಚ್ಚಿದವನು ಅವನು. ಅವುಗಳ ತಳದಲ್ಲಿ, ಮೂಲೆಯಲ್ಲಿ ಬೂದು ಹೆಪ್ಪು ಎಷ್ಟು ತಿಕ್ಕಿದರೂ ಹೋಗದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಗೊತ್ತಿತ್ತು. ಆದರೆ ತಾರಸಿಯ ಮೇಲೆ ಅವು ಡಬ್ಬಗಳಾಗಿ ಕಂಡಿರಲಿಲ್ಲ, ಅಮ್ಮನ ತೋಟವಾಗಿ ಕಂಡಿದ್ದವು.

"ಸೊಪ್ಪು ಒಳ್ಳೇದು ಅಂದಿದ್ದು ನಾನೇ," ಎಂದರು ಡಾಕ್ಟರಮ್ಮ. "ಎಲ್ಲಿ ಬೆಳೀತೀರಿ ಅಂತ ಕೇಳ್ಲಿಲ್ಲ, ಅದು ನನ್ನ ತಪ್ಪು. ಡಬ್ಬದಲ್ಲಿ ಉಳಿದಿದ್ದ ಸೀಸ ಆಮ್ಲದಲ್ಲಿ ಕರಗಿ ಮಣ್ಣಿಂದ ಸೊಪ್ಪಿಗೆ ಏರಿದೆ. ಮಗನ ಬಟ್ಟೆ ಧೂಳೂ ಸೇರಿರಬಹುದು." ಅವರು ಸೊಸೆಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ಇನ್ನೊಂದು ಮಾತು ಹೇಳ್ಬೇಕಮ್ಮ. ನಿಮಗೆ ಮೊದಲು ಏನೂ ತೊಂದರೆ ಇರ್ಲಿಲ್ಲ. ಈಗ ಈ ಅಂಕಿ ಇಟ್ಕೊಂಡು ಬಸುರಾದ್ರೆ ಮಗುವಿನ ಮಿದುಳಿಗೆ ಅಪಾಯ. ಇದು ಇಳಿಯೋವರೆಗೆ ಬೇಡ. ಆರು ತಿಂಗಳೋ, ಒಂದು ವರ್ಷವೋ."

ಸೊಸೆ ತಲೆಯಾಡಿಸಿದಳು. ಎಂಟು ವರ್ಷ ಬಸುರಾಗಲಿಲ್ಲ ಎಂದು ಬೈಸಿಕೊಂಡವಳಿಗೆ ಈಗ ಬಸುರಾಗಬೇಡ ಎಂದಿದ್ದರು. ಅವಳು ಅಳಲಿಲ್ಲ. ಫೈಲನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಡಬ್ಬಗಳನ್ನು ಇಳಿಸಲು ಎರಡು ದಿನ ಬೇಕಾಯಿತು. ಮಣ್ಣನ್ನು ಎಲ್ಲೆಂದರಲ್ಲಿ ಸುರಿಯಬೇಡಿ ಎಂದಿದ್ದರಿಂದ ಚೀಲಕ್ಕೆ ತುಂಬಿ ಬಾಯಿ ಹೊಲಿದರು. ಡಬ್ಬಗಳನ್ನೂ ಚೀಲಗಳನ್ನೂ ಮಗ ಅಂಗಡಿಗೇ ಒಯ್ದು ಯಜಮಾನನ ಮುಂದಿಟ್ಟ. ಬೆಕ್ಕಿನ ನೀರನ್ನೂ ಚೆಲ್ಲಿ ಬಂದನಂತೆ. ಸೊಪ್ಪಮ್ಮ ತಾನೇ ಬಿತ್ತಿದ ಪಾಲಕ್ಕನ್ನು ತಾನೇ ಬುಡಸಮೇತ ಕಿತ್ತಳು. ಯಾರೂ ಅವಳನ್ನು ಏನೂ ಅನ್ನಲಿಲ್ಲ. ಅದೇ ಅವಳಿಗೆ ತಡೆಯಲಾಗದಾಯಿತು.

ಪಾತ್ರೆ ತೊಳೆಯುತ್ತಿದ್ದ ಸೊಸೆಯ ಪಕ್ಕಕ್ಕೆ ಹೋಗಿ ನಿಂತಳು. "ನಂಗೆ ಎರಡು ಬೈದುಬಿಡಮ್ಮ. ನೀನು ಹೀಗೆ ಸುಮ್ನಿದ್ರೆ ನಂಗೆ ಅನ್ನ ಇಳಿಯಲ್ಲ."

"ಬೈಯೋಕೂ ಶಕ್ತಿ ಬೇಕಲ್ಲ ಅತ್ತೆ. ನೀವು ಬೇಕು ಅಂತ ಮಾಡ್ಲಿಲ್ಲ, ನಂಗೊತ್ತು. ಸ್ವಲ್ಪ ಆಚೆ ಸರೀರಿ, ನಲ್ಲಿ ಬಂದ್ ಮಾಡ್ತೀನಿ."

"ಹೋಗ್ತೀಯಾ? ಟೆಸ್ಟ್ ಆದ್ಮೇಲೆ ನಿನ್ನ ದಾರಿ ಅಂದಿದ್ದೆಯಲ್ಲ."

"ಗೊತ್ತಿಲ್ಲ," ಎಂದಳು ಸೊಸೆ. "ಅವರು ಸುಳ್ಳು ಹೇಳಿಲ್ಲ. ಅದಕ್ಕೆ ಹೋಗೋಕೆ ಮನಸ್ಸಿಲ್ಲ. ಆದ್ರೆ ಈ ಮನೇಲಿ ಯಾಕಿರ್ಬೇಕು ಅಂತಾನೂ ಗೊತ್ತಾಗ್ತಿಲ್ಲ."

ಸೊಪ್ಪಮ್ಮ ಸರಿದು ನಿಂತಳು. ಮಗನ ಮಾನ ಎಂದು ತಾನು ಕಾಪಾಡಿಕೊಂಡು ಬಂದದ್ದಕ್ಕೆ ಬೆಲೆ ತೆರುತ್ತಿದ್ದವಳು ಈ ಹುಡುಗಿ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ತೆರಿಸಿದ್ದಳು.

ಆ ಭಾನುವಾರ ಅಕ್ಕ ಮತ್ತೆ ಬಂದಳು. ನಾಲ್ಕು ವಾರ ಎಂದದ್ದು ಅವಳ ಲೆಕ್ಕದಲ್ಲಿ ಆಗಲೇ ಮುಗಿದಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು. ಅಂಗಡಿಯಿಂದ ತಂದ ಆಲೂಗಡ್ಡೆಯ ಪಲ್ಯ, ಅನ್ನ, ಬೇಳೆ. ಸೊಸೆ ಬಡಿಸುತ್ತಿದ್ದಳು.

"ಏನೇ ಇದು, ಸೊಪ್ಪಮ್ಮನ ಮನೇಲಿ ಸೊಪ್ಪಿಲ್ಲದ ಊಟ!" ಎಂದು ಅಕ್ಕ ನಕ್ಕಳು. ಆಮೇಲೆ ಬಡಿಸುತ್ತಿದ್ದವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತು ತೆಗೆದಳು. "ಆ ಹುಡುಗಿ ಕಡೆಯವರು ಕೇಳ್ತಿದ್ದಾರೆ. ಇನ್ನು ಕಾಯಿಸೋದು ಚೆನ್ನಾಗಿರಲ್ಲ. ಒಣಗಿದ ಮರಕ್ಕೆ ಎಷ್ಟು ನೀರು ಹೊಯ್ದ್ರೇನು..."

"ಅಕ್ಕ, ನಿಲ್ಲಿಸು," ಎಂದಳು ಸೊಪ್ಪಮ್ಮ.

ಅಕ್ಕ ನಿಲ್ಲಿಸಿದಳು. ತಂಗಿ ಅವಳಿಗೆ ಎದುರಾಡಿದ್ದು ಅದೇ ಮೊದಲು.

"ಅವಳಲ್ಲಿ ಏನೂ ದೋಷ ಇಲ್ಲ. ಮೊದಲಿಂದಲೂ ಇರ್ಲಿಲ್ಲ. ದೋಷ ಇರೋದು ನನ್ನ ಮಗನಲ್ಲಿ. ಕುಲುಮೆ ಸೀಸ ಅವನ ರಕ್ತಕ್ಕೆ ಸೇರಿದೆ. ಮೂರು ತಿಂಗಳಿಂದ ನಂಗೊತ್ತು. ಗೊತ್ತಿದ್ದೂ ನಿನ್ನ ಮುಂದೆ ಬಾಯಿ ಬಿಡ್ಲಿಲ್ಲ, ಇವಳಿಗೂ ಬಿಡ್ಬೇಡ ಅಂದೆ. ಸಾಲದ್ದಕ್ಕೆ ನನ್ನ ಕೈಯಾರೆ ಇಬ್ಬರಿಗೂ ಅದನ್ನೇ ಅರೆದು ಕುಡಿಸ್ದೆ. ಇನ್ನು ಒಂದು ವರ್ಷ ಮಗು ಬೇಡ ಅಂದಿದ್ದಾರೆ ಡಾಕ್ಟ್ರು. ಅದು ನನ್ನಿಂದ. ಹೋಗಿ ಎಲ್ಲರಿಗೂ ಹೇಳು. ಓರಗಿತ್ತಿಗೂ ಹೇಳು."

ಮಗನ ಕೈ ತಟ್ಟೆಯಲ್ಲೇ ನಿಂತಿತು. ಮುಖಕ್ಕೆ ರಕ್ತ ನುಗ್ಗಿ ಕಿವಿಯವರೆಗೂ ಕೆಂಪಾಯಿತು. ಎದ್ದು ಹೋಗುವನೆಂದು ತಾಯಿ ಎಣಿಸಿದಳು. ಎದ್ದನು ಕೂಡ, ಅರ್ಧ. ಆಮೇಲೆ ಬಡಿಸುತ್ತಿದ್ದ ಹೆಂಡತಿಯನ್ನು ನೋಡಿ ಮತ್ತೆ ಕೂತ.

"ಹೌದು ದೊಡ್ಡಮ್ಮ," ಎಂದ. "ನಂದೇ."

ಅಕ್ಕ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಗನನ್ನು ಬೈಯುವ ಹಾಗಿಲ್ಲ, ತಂಗಿಯನ್ನು ಬೈದು ಪ್ರಯೋಜನವಿಲ್ಲ. ಯಾರ ಮೇಲಾದರೂ ತಪ್ಪು ಹಾಕಲೇಬೇಕಲ್ಲ. ಸೊಸೆಯ ಕಡೆ ತಿರುಗಿದಳು.

"ಹಾಗಾದ್ರೆ ನೀನ್ಯಾಕೆ ಇಷ್ಟು ವರ್ಷ ಸುಮ್ನಿದ್ದೆ? ನಂಗೇನೂ ಇಲ್ಲ, ಅವರನ್ನೂ ಒಂದ್ಸಲ ತೋರಿಸಿ ಅಂತ ಬಾಯಿಬಿಟ್ಟು ಹೇಳ್ಬಾರದಿತ್ತಾ?"

ಸೊಸೆ ಸೌಟನ್ನು ಬೇಳೆಯ ಪಾತ್ರೆಯೊಳಗೆ ಬಿಟ್ಟಳು.

"ಹೇಳಿದ್ದೆ ದೊಡ್ಡಮ್ಮ," ಎಂದಳು. "ಮದುವೆಯಾದ ಎರಡನೇ ವರ್ಷವೇ ಹೇಳಿದ್ದೆ. ಇದೇ ಕೋಣೇಲಿ, ಹೀಗೇ ಊಟಕ್ಕೆ ಕೂತಿದ್ದಾಗ. ನೀವೂ ಇದ್ರಿ. ಎಲ್ಲರೂ ನಕ್ಕಿದ್ರಿ."

ಸೊಪ್ಪಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಎಷ್ಟು ಕೆದಕಿದರೂ ಅಂಥದೊಂದು ಮಾತು, ಅಂಥದೊಂದು ಊಟ ಅವಳ ನೆನಪಿಗೆ ಬರಲೇ ಇಲ್ಲ.